ಮದುವೆಗೊಂದು ರಾಜೀನಾಮೆ

ಓಬಯ್ಯ ಒಂದು ಹಿಡಿ ಮರಳು ತೆಗೆದುಕೊಂಡು ಬಿಗಿಯಾಗಿ ಅಮುಕಿದ. ಕೈ ಬಿಚ್ಚಿದಾಗ ಮುದ್ದೆಯ ಮೇಲೆ ಬೆರಳುಗಳ ಅಚ್ಚು ಹಾಗೇ ಉಳಿದಿತ್ತು. ನಡುವೆ ಮುರಿದು ನೋಡಿದ. ಪುಡಿಯಾಗದೆ ಎರಡು ಹೋಳಾಯಿತು. ನೀರು ಸರಿಯಾಗಿದೆ ಎಂದರ್ಥ. ಹೋಳುಗಳನ್ನು ಗುಡ್ಡೆಗೆ ಎಸೆದು, ಪೆಟ್ಟಿಗೆಗೆ ಮರಳು ತುಂಬಿ ಗುದ್ದತೊಡಗಿದ. ಭದ್ರಾವತಿಯ ಆ ಫೌಂಡ್ರಿಯಲ್ಲಿ ಅವನ ಕೆಲಸ ಅದೇ: ಕರಗಿದ ಕಬ್ಬಿಣ ಹೊಯ್ಯುವುದಕ್ಕೆ ಮರಳಿನಲ್ಲಿ ಅಚ್ಚು ಕಟ್ಟುವುದು. 2002ರ ಜನವರಿಯ ಆ ಮಂಗಳವಾರಕ್ಕೆ ಆ ಕೆಲಸಕ್ಕೆ ಇಪ್ಪತ್ತಾರನೇ ವರ್ಷ ನಡೆಯುತ್ತಿತ್ತು.

ಚಹಾ ಹೊತ್ತಿಗೆ ಮೂರ್ತಪ್ಪ ಬಂದು ಹಿಂದೆ ನಿಂತ. ಓಬಯ್ಯನಿಗಿಂತ ಹತ್ತು ವರ್ಷ ಚಿಕ್ಕವನು, ಅವನ ಕೈಯಲ್ಲೇ ಕೆಲಸ ಕಲಿತವನು.

"ಓಬಣ್ಣ, ಬೋರ್ಡ್ ನೋಡಿದ್ಯಾ?"

"ಏನೈತೆ ಬೋರ್ಡಲ್ಲಿ? ರಜಾನಾ?"

"ಒಂಥರಾ ರಜಾನೇ ಅನ್ನು. ಎಂಟು ಜನ ಮದುಮಗಂದಿರಿಗೆ."

ಓಬಯ್ಯ ಗುದ್ದುವ ಕೋಲನ್ನು ಪೆಟ್ಟಿಗೆಗೆ ಒರಗಿಸಿ ಎದ್ದ. ಬೋರ್ಡಿನ ಮೇಲೆ ಟೈಪ್ ಮಾಡಿದ ಒಂದು ಹಾಳೆ ಇತ್ತು. ಆರ್ಡರ್ ಕಡಿಮೆಯಾದ ಕಾರಣ ಎಂಟು ಕಾರ್ಮಿಕರನ್ನು ಕೆಲಸದಿಂದ ತೆಗೆಯಲಾಗಿದೆ. ಕೊನೆಗೆ ಸೇರಿದವರನ್ನು ಮೊದಲು ಬಿಡಬೇಕೆಂಬ ಕಾನೂನನ್ನು ಪಾಲಿಸಲಾಗಿದೆ ಎಂದು ಅದರಲ್ಲಿತ್ತು. ಮೂರನೇ ಹೆಸರು ಓಬಯ್ಯನದು. ಟೋಕನ್ ನಂಬರ್ ಅರವತ್ತೊಂದು, ಸೇರಿದ್ದು 1998ರ ಜೂನ್.

ಆ ಎಂಟು ಜನರಲ್ಲಿ ಐವತ್ತಕ್ಕಿಂತ ಕಡಿಮೆ ವಯಸ್ಸಿನವನು ಒಬ್ಬನೇ. ಎಲ್ಲರೂ ಫೌಂಡ್ರಿಯ ಹಳಬರು. ಎಲ್ಲರೂ ಹೆಣ್ಣುಮಕ್ಕಳ ತಂದೆಯರು. ಅದು ಕಾಕತಾಳೀಯವಲ್ಲ.

ಫೌಂಡ್ರಿಯನ್ನು ಕಟ್ಟಿದವನು ಕೊಟ್ರಬಸಪ್ಪ. ಬೆಲ್ಲದ ಮಂಡಿಯ ಮನೆತನ. ಎಪ್ಪತ್ತರ ದಶಕದ ಆರಂಭದಲ್ಲಿ ಊರಿನಲ್ಲಿ ಕಬ್ಬಿಣ ಎಂದರೆ ದುಡ್ಡು ಎನ್ನುವ ಮಾತಿದ್ದಾಗ, ಓಲ್ಡ್ ಟೌನ್ ದಾಟಿ ಹೋಗುವ ರಸ್ತೆಯ ಬದಿಯಲ್ಲಿ ಶೆಡ್ ಹಾಕಿ ಪಂಪ್‌ಸೆಟ್ಟಿನ ಬಿಡಿಭಾಗಗಳನ್ನೂ ಭಾರಿ ಚಕ್ರಗಳನ್ನೂ ಎರಕ ಹೊಯ್ಯಿಸತೊಡಗಿದ. ಮೂವತ್ತು ಚಿಲ್ಲರೆ ಜನ ಕೆಲಸಗಾರರು. ಎಲ್ಲರ ಮನೆಯ ಹೆಸರೂ ಅವನಿಗೆ ಗೊತ್ತಿತ್ತು. ಯೂನಿಯನ್ ಇರಲಿಲ್ಲ, ಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಅದಕ್ಕೆ ಮುಖ್ಯ ಕಾರಣ ಅವನು ನಡೆಸಿಕೊಂಡು ಬಂದ ಒಂದು ಪದ್ಧತಿ.

ಮಗಳ ಮದುವೆ ಗೊತ್ತಾದ ಕೆಲಸಗಾರ ಲಗ್ನಪತ್ರಿಕೆ ಹಿಡಿದು ಸಾಹುಕಾರನ ಕೋಣೆಗೆ ಹೋಗುತ್ತಿದ್ದ. ಕಾಲಿಗೆ ನಮಸ್ಕಾರ ಮಾಡುತ್ತಿದ್ದ. ಕೊಟ್ರಬಸಪ್ಪ ಪತ್ರಿಕೆ ಓದಿ, ಬೀಗರು ಯಾರು, ಊಟಕ್ಕೆ ಎಷ್ಟು ಜನ ಎಂದು ವಿಚಾರಿಸಿ, ಗುಮಾಸ್ತನನ್ನು ಕರೆದು ರಾಜೀನಾಮೆ ಬರೆಸುತ್ತಿದ್ದ. 'ಸ್ವಂತ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ.' ರಾಜೀನಾಮೆ ಕೊಟ್ಟರೆ ಅಷ್ಟು ವರ್ಷದ ಗ್ರಾಚುಟಿ ಕೈಗೆ ಬರುತ್ತದೆ, ಪಿ.ಎಫ್. ಬರುವುದು ತಡವಾದರೆ ಸಾಹುಕಾರನೇ ಕೈಯಿಂದ ಮುಂಗಡ ಹಾಕುತ್ತಿದ್ದ. ದುಡ್ಡನ್ನು ವೀಳ್ಯದೆಲೆ ಅಡಿಕೆಯ ಜೊತೆ ತಟ್ಟೆಯಲ್ಲಿಟ್ಟು ಕೊಡುತ್ತಿದ್ದ. ಮದುವೆಗೂ ಬಂದು ಮುಂದಿನ ಸಾಲಿನಲ್ಲಿ ಕೂರುತ್ತಿದ್ದ. ಮದುವೆ ಮುಗಿದ ಮೇಲೆ ಕೆಲಸಗಾರ ಲಾಡು ಕಟ್ಟಿಕೊಂಡು ಬಂದು ಹೊಸ ಟೋಕನ್ ಪಡೆಯುತ್ತಿದ್ದ. ಅದೇ ಕೆಲಸ, ಅದೇ ಸಂಬಳ, ಅದೇ ಜಾಗ. ನಂಬರ್ ಮಾತ್ರ ಹೊಸದು. ಹೊಸ ನಂಬರಿನವನನ್ನು ವಾರವಿಡೀ ಎಲ್ಲರೂ 'ಮದುಮಗ' ಎಂದು ಕರೆದು ರೇಗಿಸುತ್ತಿದ್ದರು. ರೇಗಿಸುವುದರಲ್ಲಿ ಓಬಯ್ಯನೂ ಹಿಂದೆ ಬಿದ್ದವನಲ್ಲ. ಇಬ್ಬರು ಗಂಡುಮಕ್ಕಳ ಮೂರ್ತಪ್ಪನನ್ನು ಕಂಡಾಗಲೆಲ್ಲ, "ಗಂಡು ಹೆತ್ತೋರಿಗೆ ಹಳೇ ನಂಬರ್ರೇ ಗತಿ ಮಾರಾಯ, ನೀನು ಮದುಮಗ ಆಗೋದು ಯಾವ ಜನ್ಮಕ್ಕೆ?" ಎನ್ನುತ್ತಿದ್ದ.

ಓಬಯ್ಯ ಸ್ವತಃ ಮದುಮಗನಾದದ್ದು 1998ರ ಮೇ ತಿಂಗಳಲ್ಲಿ. ಒಬ್ಬಳೇ ಮಗಳು ಸೀತಾಲಕ್ಷ್ಮಿಯನ್ನು ಕುಂಸಿಗೆ ಕೊಟ್ಟ. ಒಂಬತ್ತನೇ ನಂಬರ್ ಹೋಗಿ ಅರವತ್ತೊಂದು ಬಂತು. ಮರುವರ್ಷ ಕೊಟ್ರಬಸಪ್ಪ ತೀರಿಕೊಂಡ. ಹೆಣ ಹೊರಲು ಫೌಂಡ್ರಿಯವರೇ ಮುಂದೆ ನಿಂತರು. ಓಬಯ್ಯ ತಲೆ ಬೋಳಿಸಿಕೊಂಡಿದ್ದ.

ಈಗ ಸಾಹುಕಾರನ ಕುರ್ಚಿಯಲ್ಲಿ ಮಗ ವಿಶ್ವಾರಾಧ್ಯ ಇದ್ದ. ಓದಿದವನು, ಕೆಲಸಗಾರರಿಗೆ ಬಹುವಚನ ಕೊಟ್ಟು ಮಾತಾಡುವವನು. ಬೋರ್ಡು ನೋಡಿದ ಓಬಯ್ಯ ಕೈಯ ಮರಳನ್ನೂ ಒರೆಸಿಕೊಳ್ಳದೆ ಒಳಗೆ ಹೋದ.

"ಸಣ್ ಸಾವ್ಕಾರ್ರೆ, ನನ್ನ ನಂಬರ್ ತಪ್ಪಾಗಿ ಬಿದ್ದೈತೆ. ನಾನು ಒಂಬತ್ತು."

"ಒಂಬತ್ತು ತೊಂಬತ್ತೆಂಟರಲ್ಲೇ ಮುಗೀತಲ್ಲ ಓಬಯ್ಯ. ನೀವೇ ಬರೆದುಕೊಟ್ಟಿದ್ದೀರಿ."

"ಅದು ಮದುವೆಗೆ ಬರೆದದ್ದು."

"ಮದುವೆ ಅಂತ ಅದರಲ್ಲಿಲ್ಲ. ಸ್ವಂತ ಕಾರಣ ಅಂತಿದೆ."

"ನಿಮ್ಮಪ್ಪಾರೇ ಕೂತು ಬರೆಸಿದ್ದು."

"ಅಪ್ಪ ಇಲ್ಲ ಓಬಯ್ಯ. ಕಾಗದ ಇದೆ."

ವಿಶ್ವಾರಾಧ್ಯ ಮೇಜಿನ ಮೇಲಿದ್ದ ಚೆಕ್ಕನ್ನು ಮುಂದಕ್ಕೆ ಸರಿಸಿದ. ಮೂರು ವರ್ಷ ಏಳು ತಿಂಗಳನ್ನು ನಾಲ್ಕು ವರ್ಷವೆಂದೇ ಹಿಡಿದಿದ್ದಾರೆ. ವರ್ಷಕ್ಕೆ ಹದಿನೈದು ದಿನದಂತೆ ಎರಡು ತಿಂಗಳ ಸಂಬಳ ಪರಿಹಾರ, ನೋಟಿಸಿನ ಬದಲು ಇನ್ನೊಂದು ತಿಂಗಳು. ಕಾನೂನಿಗಿಂತ ಒಂದು ಪೈಸೆ ಕಡಿಮೆಯಿಲ್ಲ ಎಂದ. ಹೇಳಿದ್ದು ನಿಜವೇ. ಕಾಗದದ ಮೇಲಿನ ಓಬಯ್ಯನಿಗೆ ಅಷ್ಟೇ ಬರಬೇಕಿತ್ತು. ಚೆಕ್ಕಿನ ಜೊತೆ ಸಹಿ ಹಾಕಬೇಕಾದ ಹಾಳೆಯಲ್ಲಿ 'ಇನ್ನು ಯಾವ ಬಾಕಿಯೂ ಇಲ್ಲ' ಎಂದಿತ್ತು.

"ನಾಳೆ ಹೇಳ್ತೀನಿ," ಎಂದು ಓಬಯ್ಯ ಹೊರಗೆ ಬಂದ. ಉಳಿದ ಏಳು ಜನ ಸಂಜೆಯೊಳಗೆ ಸಹಿ ಹಾಕಿದರು. ಅವರ ಲೆಕ್ಕ ಸರಳವಾಗಿತ್ತು: ಸರ್ವಿಸ್ ದುಡ್ಡನ್ನು ಮದುವೆಗೇ ತೆಗೆದುಕೊಂಡಾಗಿದೆ, ಈಗ ಸಿಕ್ಕಿದ್ದೇ ಹೆಚ್ಚು.

ಮನೆಯಲ್ಲಿ ಯಲ್ಲಮ್ಮನೂ ಅದನ್ನೇ ಹೇಳಿದಳು. "ಆವಾಗ್ಲೇ ಸರ್ವಿಸ್ ತಗೊಂಡಿದ್ವಲ್ಲ. ಒಂದೇ ಹಸು ಎರಡು ಸಲ ಮಾರಕ್ಕಾಗುತ್ತಾ?"

"ಹಸು ಮಾತು ಬಿಡು. ಕೊನೆಗೆ ಬಂದೋನು ಅಂತ ಬರ್ದವ್ರೆ ನನ್ನ. ಮೂರ್ತಪ್ಪ ಒಳಗೆ, ನಾನು ಹೊರಗೆ. ಅವನಿಗೆ ಮರಳು ಹಿಡಿಯೋದು ಕಲಿಸಿದ್ದು ಯಾರು?"

ಯಲ್ಲಮ್ಮ ಒಲೆಯ ಮೇಲಿನ ಪಾತ್ರೆ ಇಳಿಸಿದಳು. "ಹಂಗಾದ್ರೆ ಆ ಯೋಗರಾಜನ ಹತ್ರ ಹೋಗ್ಬನ್ನಿ."

"ಯಾವ ಮುಖ ಇಟ್ಕಂಡು ಹೋಗ್ಲಿ?"

"ಇರೋದೊಂದೇ ಮುಖ ಅಲ್ವಾ. ಅದನ್ನೇ ತಗೊಂಡು ಹೋಗಿ."

ಯೋಗರಾಜ್ ಮೊದಲು ನ್ಯೂಟೌನಿನಲ್ಲಿದ್ದ, ಸಣ್ಣ ಕಾರ್ಖಾನೆಗಳ ಕೆಲಸಗಾರರ ಸಂಘ ಕಟ್ಟಲು ಓಡಾಡುತ್ತಿದ್ದವನು. 1995ರಲ್ಲಿ ಒಂದು ಸಂಜೆ ಫೌಂಡ್ರಿಯ ಗೇಟಿಗೆ ಬಂದು, ಮದುವೆಗೆಂದು ರಾಜೀನಾಮೆ ಕೊಡಬೇಡಿ, ಅದು ನಿಮ್ಮ ಕುತ್ತಿಗೆಗೇ ಬರುತ್ತದೆ ಎಂದು ಹೇಳಿದ್ದ. ಕೆಲಸಗಾರರು ಸಿಟ್ಟಾದರು. ಇದ್ದ ಒಂದು ಅನುಕೂಲಕ್ಕೂ ಇವನು ಕಲ್ಲು ಹಾಕುತ್ತಾನೆ ಎಂದುಕೊಂಡರು. ಓಬಯ್ಯ ಎಲ್ಲರ ಮುಂದೆ ಅವನ ಸೈಕಲ್ಲಿನ ಎರಡೂ ಚಕ್ರದ ಗಾಳಿ ತೆಗೆದು, "ಹೆಣ್ಣು ಹೆತ್ತೋರ ಕಷ್ಟ ನಿನಗೇನ್ ಗೊತ್ತು, ತಳ್ಕೊಂಡು ಹೋಗು," ಎಂದಿದ್ದ. ಯೋಗರಾಜ್ ತಳ್ಳಿಕೊಂಡೇ ಹೋಗಿದ್ದ.

ಈಗ ಅವನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಹೊಲಿಗೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಕೂತು ಕಾರ್ಮಿಕರ ತಕರಾರುಗಳನ್ನು ನೋಡುತ್ತಿದ್ದ. ಬಾಗಿಲಲ್ಲಿ ನಿಂತ ಓಬಯ್ಯನನ್ನು ತಕ್ಷಣ ಗುರುತಿಸಿದ.

"ಬಾ ಓಬಯ್ಯ. ಸೈಕಲ್ ಮಾರಿಬಿಟ್ಟೆ. ಗಾಳಿ ತೆಗೆಯೋಕೆ ನನ್ನ ಹತ್ರ ಇನ್ನೇನೂ ಉಳಿದಿಲ್ಲ."

ಓಬಯ್ಯ ನೆಲ ನೋಡುತ್ತ ಬೆಂಚಿನ ಮೇಲೆ ಕೂತ. ವಿಷಯ ಹೇಳಿದ. ಯೋಗರಾಜ್ ಮಧ್ಯೆ ಬಾಯಿ ಹಾಕದೆ ಕೇಳಿ, ಕೊನೆಗೆ ಒಂದೇ ಪ್ರಶ್ನೆ ಕೇಳಿದ.

"ಸರ್ವಿಸ್ ದುಡ್ಡು ತಗೊಂಡೆ ಅಂತೀಯಲ್ಲ. ಯಾವ ದುಡ್ಡು ಅದು?"

"ಸರ್ವಿಸ್ ದುಡ್ಡು ಅಂದ್ರೆ ಸರ್ವಿಸ್ ದುಡ್ಡು."

"ಅದೇ ನೋಡು ನಿಮ್ಮ ಕರ್ಮ. ಮೂರು ದುಡ್ಡಿಗೆ ಒಂದೇ ಹೆಸರಿಟ್ಟು ಕೂತಿದ್ದೀರ. ಪಿ.ಎಫ್. ಅನ್ನೋದು ನಿನ್ನ ಸಂಬಳದಲ್ಲಿ ಹಿಡಿದ ಉಳಿತಾಯ, ಅದರ ಜೊತೆ ಮಾಲೀಕನ ಪಾಲು. ಗ್ರಾಚುಟಿ ಅನ್ನೋದು ದುಡಿದ ವರ್ಷಕ್ಕೆ ಕೊಡೋದು. ನೀನೇ ಬಿಟ್ರೂ, ಅವರೇ ಬಿಡಿಸಿದ್ರೂ, ಐದು ವರ್ಷ ದಾಟಿದ್ರೆ ಬರುತ್ತೆ. ಇವೆರಡನ್ನೂ ನೀನು ತಗೊಂಡೆ, ಮದುವೆ ಊಟಕ್ಕೆ ಆಯ್ತು. ಮೂರನೇದು ಬೇರೆ. ಅದು ಕೆಲಸ ಕಿತ್ಕೊಂಡಿದ್ದಕ್ಕೆ ಕೊಡೋ ಪರಿಹಾರ. ಬಾಡಿಗೆ ಮನೆ ನೀನಾಗೇ ಬಿಟ್ಟು ಹೋದ್ರೆ ಮಾಲೀಕ ಏನಾದ್ರೂ ಕೊಡ್ತಾನಾ? ಅವನೇ ಸಾಮಾನು ಹೊರಗೆ ಹಾಕಿದ್ರೆ ಕೇಳಬಹುದು. ಇದೂ ಹಂಗೇ. ಇಪ್ಪತ್ತಾರು ವರ್ಷಕ್ಕೆ ಹದಿಮೂರು ತಿಂಗಳ ಸಂಬಳ. ನಾಲ್ಕು ವರ್ಷಕ್ಕೆ ಎರಡು ತಿಂಗಳದು."

"ಅಂದ್ರೆ ನನ್ನ ಇಪ್ಪತ್ತೆರಡು ವರ್ಷ?"

"ಬರೆದುಕೊಟ್ಟೆಯಲ್ಲ, ಸ್ವಂತ ಕಾರಣ ಅಂತ. ಅದರ ಜೊತೆ ಹಿರಿತನವೂ ಹೋಯ್ತು. ಇಪ್ಪತ್ತಾರು ವರ್ಷ ಅಂತ ನಿಂತಿದ್ರೆ ಆ ಪಟ್ಟಿಯಲ್ಲಿ ನಿನ್ನ ಹೆಸರು ಬರ್ತಾನೇ ಇರ್ಲಿಲ್ಲ. ಮೂರ್ತಪ್ಪನ ಹೆಸರು ಬರ್ತಿತ್ತು." ಯೋಗರಾಜ್ ಮುಂದುವರಿಸಿದ. "ಇನ್ನೊಂದು ಹೇಳ್ತೀನಿ, ಬೇಜಾರಾಗಬೇಡ. ಮಗಳ ಮದುವೆ ಅಂತ ಪಿ.ಎಫ್.ನಲ್ಲಿ ಮುಂಗಡ ತಗೊಳ್ಳೋಕೆ ರಾಜೀನಾಮೆ ಬೇಕಾಗೇ ಇರ್ಲಿಲ್ಲ. ಒಂದು ಅರ್ಜಿ ಹಾಕಿದ್ರೆ ಒಂದಷ್ಟು ಬರ್ತಿತ್ತು. ಅವತ್ತು ಗೇಟಿಗೆ ಬಂದಾಗ ನಾನು ಹೇಳೋಕೆ ಹೊರಟಿದ್ದು ಅದನ್ನೇ. ನೀನು ಅಷ್ಟೊತ್ತಿಗೆ ಎರಡನೇ ಚಕ್ರಕ್ಕೆ ಕೈ ಹಾಕಿದ್ದೆ."

ಕೆಳಗೆ ಹೊಲಿಗೆ ಮಿಷನ್ನಿನ ಸದ್ದು ಬಂದು ಬಂದು ನಿಲ್ಲುತ್ತಿತ್ತು.

"ದೊಡ್ ಸಾವ್ಕಾರ್ರು ಒಳ್ಳೆಯವ್ರು," ಎಂದ ಓಬಯ್ಯ.

"ಒಳ್ಳೆಯವನೇ. ಲೆಕ್ಕದಲ್ಲೂ ಅಷ್ಟೇ ಜಾಣನಿದ್ದ."

ಒಂದೇ ಒಂದು ದಾರಿ ಇದೆ ಎಂದು ಯೋಗರಾಜ್ ಹೇಳಿದ. ರಾಜೀನಾಮೆ ಬರೀ ತೋರಿಕೆಯದು, ನಿಜವಾಗಿ ಕೆಲಸ ನಿಂತಿರಲೇ ಇಲ್ಲ ಎಂದು ತೋರಿಸಬೇಕು. ರಾಜೀನಾಮೆಗೂ ಹೊಸ ನಂಬರಿಗೂ ನಡುವೆ ಹದಿನೈದು ದಿನ ಇದೆ. ಆ ಹದಿನೈದು ದಿನದಲ್ಲಿ ಓಬಯ್ಯ ಫೌಂಡ್ರಿಯಲ್ಲಿ ದುಡಿದಿದ್ದರೆ, ಅದನ್ನು ಕಂಡವರು ಬಾಯಿಬಿಟ್ಟು ಹೇಳಿದರೆ, ಇಪ್ಪತ್ತಾರು ವರ್ಷವನ್ನು ಒಂದೇ ದಾರವೆಂದು ವಾದಿಸಬಹುದು.

"ದುಡಿದಿದ್ದೀನಿ," ಎಂದ ಓಬಯ್ಯ. ಎಡಗಾಲಿನ ಚಪ್ಪಲಿ ಬಿಟ್ಟು ಕಾಲನ್ನು ಬೆಂಚಿನ ಮೇಲಿಟ್ಟ. ಪಾದದ ಮೇಲೆ, ಹೆಬ್ಬೆರಳಿನ ಬುಡದಿಂದ ಹರಡಿನವರೆಗೆ, ಸುಟ್ಟು ಮಾಗಿದ ಚರ್ಮ ನುಣ್ಣಗೆ ಹೊಳೆಯುತ್ತಿತ್ತು.

ಅದು ಮದುವೆ ವಾರದ ಗುರುವಾರ ಆದದ್ದು. ಸೋಮವಾರ ರಾಜೀನಾಮೆ, ಭಾನುವಾರ ಧಾರೆ. ನಡುವೆ ದೊಡ್ಡ ಚಕ್ರವೊಂದರ ಎರಕವಿತ್ತು, ಅದರ ಅಚ್ಚು ಓಬಯ್ಯನೇ ಕಟ್ಟಿದ್ದು. ಕೊಟ್ರಬಸಪ್ಪ ಹೇಳಿಕಳಿಸಿದ, ಓಬಯ್ಯ ಚಪ್ಪರದ ಕೆಲಸ ಬಿಟ್ಟು ಹೋದ. ಕುಲುಮೆಯಿಂದ ಕರಗಿದ ಕಬ್ಬಿಣವನ್ನು ಅಚ್ಚಿನವರೆಗೆ ಒಯ್ಯುವುದು ಲೇಡಲ್‌ನಲ್ಲಿ. ಉದ್ದನೆಯ ಕಬ್ಬಿಣದ ದಂಡದ ನಡುವೆ ಕೂರಿಸಿದ ಪಾತ್ರೆ ಅದು, ಇಬ್ಬರು ಹೊರಬೇಕು. ಮುಂದಿನವನು ಎಂದೂ ಹಿಂತಿರುಗಿ ನೋಡುವಂತಿಲ್ಲ. ನೋಡಿದರೆ ದಂಡ ವಾಲುತ್ತದೆ, ರಸ ತುಳುಕುತ್ತದೆ. ಹಿಂದಿನವನೇ ಎಲ್ಲವನ್ನೂ ನೋಡಿಕೊಂಡು, ನಡಿ, ಮೆಲ್ಲಗೆ, ನಿಲ್ಲು ಎಂದು ಹೇಳುತ್ತಾನೆ; ಅಚ್ಚಿನ ಬಾಯಿಗೆ ಬಗ್ಗಿಸುವವನೂ ಅವನೇ. ಹಲವು ವರ್ಷಗಳಿಂದ ಮುಂದಿನ ಹಿಡಿ ಮೂರ್ತಪ್ಪನದು, ಹಿಂದಿನದು ಓಬಯ್ಯನದು. ಅವತ್ತು ಮೂರ್ತಪ್ಪ ನೆಲದ ಮೇಲೆ ಬಿದ್ದಿದ್ದ ಒಂದು ತುಂಡನ್ನು ಎಡವಿದ. ಓಬಯ್ಯ ದಂಡ ಬಿಡಲಿಲ್ಲ. ಬಿಟ್ಟಿದ್ದರೆ ರಸ ಪೂರ್ತಿ ಮೂರ್ತಪ್ಪನ ಕಾಲ ಮೇಲೆ ಹೋಗುತ್ತಿತ್ತು. ತುಳುಕಿದ್ದಷ್ಟು ಅವನದೇ ಪಾದದ ಮೇಲೆ ಬಿತ್ತು.

ಕೊಟ್ರಬಸಪ್ಪ ಅವನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದ್ದ: "ಪುಸ್ತಕದಲ್ಲಿ ನೀನಿಲ್ಲ ಓಬಯ್ಯ. ಗಾಯ ಎಲ್ಲಿಂದ ಬಂತು ಅಂದ್ರೆ ನಾನೇನ್ ಹೇಳ್ಲಿ?" ಓಬಯ್ಯನಿಗೆ ಅದು ಅರ್ಥವಾಯಿತು. ಮದುವೆ ಮನೆಯಲ್ಲಿ ಸಾರಿನ ಹಂಡೆ ಜಾರಿ ಕಾಲಿನ ಮೇಲೆ ಬಿತ್ತು ಎಂದು ಡಾಕ್ಟರಿಗೆ ಹೇಳಿದ, ಬೀಗರಿಗೆ ಹೇಳಿದ, ಊರಿಗೆ ಹೇಳಿದ. ಅಡುಗೆಯವನು ಸುಮ್ಮಸುಮ್ಮನೆ ಬೈಸಿಕೊಂಡ. ಧಾರೆ ಎರೆಯುವಾಗ ಓಬಯ್ಯ ಪಟ್ಟಿ ಸುತ್ತಿದ ಕಾಲಲ್ಲಿ ನಿಂತಿದ್ದ. ಸೊಸೆ ಹೊಸ್ತಿಲು ತುಳಿಯುವ ಮೊದಲೇ ಅವರಪ್ಪನ ಕಾಲು ಸುಟ್ಟಿತು ಎಂದು ಕುಂಸಿಯ ಅತ್ತೆ ಸೀತಾಲಕ್ಷ್ಮಿಗೆ ಇವತ್ತಿಗೂ ಹೇಳುವುದುಂಟು. ನಿಜ ಗೊತ್ತಿದ್ದದ್ದು ಯಲ್ಲಮ್ಮನಿಗೆ, ಸತ್ತ ಸಾಹುಕಾರನಿಗೆ, ಮೂರ್ತಪ್ಪನಿಗೆ ಮತ್ತು ಚೆಕ್ ತೆಗೆದುಕೊಂಡು ಸಹಿ ಹಾಕಿ ಹೋದ ಕೆಲವರಿಗೆ.

"ಸಹಿ ಹಾಕಿದೋರು ಬರಲ್ಲ, ಕೊಟ್ಟಿದ್ದನ್ನೂ ವಾಪಸ್ ಕೇಳ್ತಾರೇನೋ ಅಂತ ಹೆದರ್ತಾರೆ," ಎಂದ ಯೋಗರಾಜ್. "ಮೂರ್ತಪ್ಪನ್ನ ಕೇಳು."

ರಂಗಪ್ಪ ಸರ್ಕಲ್ಲಿನ ಹೋಟೆಲಿನಲ್ಲಿ ಓಬಯ್ಯ ಕೇಳಿದ. ಮೂರ್ತಪ್ಪ ಚಹಾ ಲೋಟವನ್ನು ತಿರುಗಿಸುತ್ತ ಕೂತಿದ್ದ.

"ನಾನು ಸಾವ್ಕಾರ್ರ ಮೇಲೆ ಹೇಳ್ದಂಗಾಗುತ್ತಲ್ಲ ಓಬಣ್ಣ."

"ಯಾರ ಮೇಲೂ ಹೇಳ್ಬೇಡ. ನಾನು ಇದ್ದೆ ಅಂತ ಹೇಳು ಸಾಕು."

"ಇದ್ದೆ ಅಂತ ಹೇಳಕ್ಕೆ ನಂಗೇನು? ನಿನ್ನ ಕಾಲು ನನ್ನ ಕಾಲಾಗ್ಬೇಕಿತ್ತು. ಅಷ್ಟು ಮರ್ತಿದ್ದೀನಾ ನಾನು?" ಚಹಾದ ದುಡ್ಡನ್ನು ಅವನೇ ಕೊಟ್ಟ.

ಓಬಯ್ಯನಿಗೆ ಚೆಕ್ ಸಿಗಲಿಲ್ಲ. 'ದುಡ್ಡು ಪಡೆಯುತ್ತಿದ್ದೇನೆ, ಆದರೆ ತಕರಾರಿದೆ' ಎಂದು ಬರೆದು ಸಹಿ ಹಾಕುತ್ತೇನೆ ಎಂದು ಯೋಗರಾಜ್ ಹೇಳಿಕೊಟ್ಟಂತೆ ಕೇಳಿದ; ಹಾಗೆ ಬರೆದರೆ ಕೊಡುವುದಿಲ್ಲ ಎಂದು ವಿಶ್ವಾರಾಧ್ಯ ಅದನ್ನು ಡ್ರಾಯರಿಗೆ ಹಾಕಿಕೊಂಡ. ಎರಡು ತಿಂಗಳು ಓಬಯ್ಯ ಸಿಕ್ಕ ಕಡೆ ಮಣ್ಣು ಹೊತ್ತ. ಐವತ್ತೊಂದರವನನ್ನು ಬೇರೆ ಯಾವ ಫೌಂಡ್ರಿಯೂ ಕರೆಯಲಿಲ್ಲ. ಯಲ್ಲಮ್ಮ ಶಂಕರಘಟ್ಟದಲ್ಲಿ ಹುಡುಗರ ಮೆಸ್ಸೊಂದಕ್ಕೆ ಚಪಾತಿ ಲಟ್ಟಿಸಲು ಬೆಳಗಿನ ಮೊದಲ ಬಸ್ಸು ಹತ್ತತೊಡಗಿದಳು.

ಮಾರ್ಚಿನಲ್ಲಿ ಶಿವಮೊಗ್ಗದ ಕಾರ್ಮಿಕ ಕಚೇರಿಯಲ್ಲಿ ರಾಜಿ ಮಾತುಕತೆಗೆ ದಿನ ಗೊತ್ತಾಯಿತು. ಅದು ಕೋರ್ಟಲ್ಲ. ಅಧಿಕಾರಿ ಎರಡೂ ಕಡೆಯವರ ಮಾತು ಕೇಳಿ ಒಪ್ಪಂದಕ್ಕೆ ಪ್ರಯತ್ನಿಸುತ್ತಾನೆ. ಆಗದಿದ್ದರೆ ವರದಿ ಬರೆಯುತ್ತಾನೆ. ಮೇಜಿನ ಒಂದು ಬದಿಗೆ ವಿಶ್ವಾರಾಧ್ಯ ಮತ್ತು ಅವನ ಲೆಕ್ಕಿಗ, ಇನ್ನೊಂದು ಬದಿಗೆ ಯೋಗರಾಜ್ ಮತ್ತು ಓಬಯ್ಯ. ಮೂರ್ತಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲ ಬಳಿಯ ಕುರ್ಚಿಯಲ್ಲಿದ್ದ.

ಅಧಿಕಾರಿ ಸೌಮ್ಯ ಮನುಷ್ಯ. ಓಬಯ್ಯನ ಕಾಲನ್ನೂ ಬಗ್ಗಿ ನೋಡಿದ.

"ಆ ಮದುವೆಗೆ ನಾನೂ ಹೋಗಿದ್ದೆ ಸರ್," ಎಂದ ವಿಶ್ವಾರಾಧ್ಯ. "ಕಾಲಿಗೆ ಏನಾಯ್ತು ಅಂತ ಕೇಳಿದೆ. ಸಾರಿನ ಹಂಡೆ ಜಾರಿತು ಅಂತ ಇವರೇ ಹೇಳಿದ್ರು. ಬೇಕಾದ್ರೆ ಕೇಳಿ."

"ಹೇಳಿದ್ರಾ?" ಅಧಿಕಾರಿ ಕೇಳಿದ.

"ಹೇಳಿದ್ದೆ," ಎಂದ ಓಬಯ್ಯ. "ಅದು ಸುಳ್ಳು."

"ಆಗ ಹೇಳಿದ್ದು ಸುಳ್ಳು, ಈಗ ಹೇಳ್ತಿರೋದು ನಿಜ ಅಂತ ನಾನು ಹೇಗೆ ಹಿಡಿಯಲಿ?" ಅಧಿಕಾರಿಯ ದನಿಯಲ್ಲಿ ಕುಹಕವಿರಲಿಲ್ಲ. ಅವನು ಬಾಗಿಲ ಕಡೆ ತಿರುಗಿದ. "ಮೂರ್ತಪ್ಪ ಅಂದ್ರೆ ನೀವಾ? ಆ ಗುರುವಾರ ಲೇಡಲ್ ಹೊತ್ತದ್ದು ನೀವೇನಾ?"

"ಹೌದು ಸಾರ್."

"ಹಿಂದೆ ಹಿಡಿದಿದ್ದು ಯಾರು?"

ಮೂರ್ತಪ್ಪ ಎದ್ದು ನಿಂತ. ಕೈ ಎಲ್ಲಿಡಬೇಕೆಂದು ತಿಳಿಯದೆ ಮುಂದೆ ಕಟ್ಟಿಕೊಂಡ.

"ನಾನು ಮುಂದಿನ ಹಿಡಿಯೋನು ಸಾರ್. ಮುಂದಿನೋನು ಹಿಂದೆ ತಿರುಗಿ ನೋಡಂಗಿಲ್ಲ. ಅದು ನಮ್ಮ ಕೆಲಸದ ರೀತಿ. ಹಿಂದೆ ಯಾರಿದ್ರು ಅಂತ ನಾನು ನೋಡ್ಲಿಲ್ಲ."

ಯೋಗರಾಜ್ ಕೇಳಿದ: "ದನಿ ಕೇಳಲ್ವಾ ಮೂರ್ತಪ್ಪ? ನಡಿ, ನಿಲ್ಲು ಅಂತ ಹಿಂದಿನೋನೇ ಹೇಳೋದಲ್ವಾ?"

"ಕುಲುಮೆಗೆ ಗಾಳಿ ಊದೋ ಬ್ಲೋವರ್ ಸದ್ದು ಸಾರ್. ಯಾರ ದನಿ ಅಂತ ಗೊತ್ತಾಗಲ್ಲ."

"ಎಡವಿದ ಮೇಲೂ ತಿರುಗಿ ನೋಡ್ಲಿಲ್ವಾ? ಕಾಲು ಸುಟ್ಟೋನು ಯಾರು ಅಂತ?"

"ನಂಗೆ ಅಷ್ಟು ಜ್ಞಾಪಕ ಇಲ್ಲ."

ಓಬಯ್ಯ ಮೂರ್ತಪ್ಪನನ್ನು ನೋಡಲಿಲ್ಲ. ಚಪ್ಪಲಿಯೊಳಗೆ ಕಾಲು ತೂರಿಸಿಕೊಂಡ. ಅಧಿಕಾರಿ ವಿಶ್ವಾರಾಧ್ಯನನ್ನು, ಮಾನವೀಯತೆಯಿಂದ ಇನ್ನೊಂದು ತಿಂಗಳ ಸಂಬಳ ಸೇರಿಸುತ್ತೀರಾ ಎಂದು ಕೇಳಿದ. ಸೇರಿಸಿದರೆ ಉಳಿದ ಏಳು ಜನರೂ ಕೇಳುತ್ತಾರೆ ಎಂದ ವಿಶ್ವಾರಾಧ್ಯ. ಮಾತುಕತೆ ಮುರಿದುಬಿತ್ತು ಎಂದು ಅಧಿಕಾರಿ ಬರೆದುಕೊಂಡ.

ಭದ್ರಾವತಿಯ ಬಸ್ಸಿನಲ್ಲಿ ಓಬಯ್ಯ ಕಿಟಕಿಯ ಪಕ್ಕ ಕೂತಿದ್ದ. ಬಸ್ಸು ತುಂಬಿತ್ತು, ಖಾಲಿಯಿದ್ದದ್ದು ಅವನ ಪಕ್ಕದ ಸೀಟೊಂದೇ. ಕೊನೆಗೆ ಹತ್ತಿದ ಮೂರ್ತಪ್ಪ ಸ್ವಲ್ಪ ದೂರ ನಿಂತೇ ಬಂದ. ನಂತರ ಬಂದು ಕೂತ. ಕಂಡಕ್ಟರ್ ಬಂದಾಗ ಎರಡು ಭದ್ರಾವತಿ ಎಂದ.

"ಒಂದು," ಎಂದ ಓಬಯ್ಯ. ತನ್ನ ದುಡ್ಡನ್ನು ಕಂಡಕ್ಟರನ ಕೈಗೆ ಕೊಟ್ಟ.

ತುಂಗಾ ಸೇತುವೆ ಹಿಂದೆ ಬಿದ್ದು ಎಷ್ಟೋ ಹೊತ್ತಾದ ಮೇಲೆ ಮೂರ್ತಪ್ಪ ಮಾತಾಡಿದ. "ನನ್ನ ದೊಡ್ಡ ಮಗನಿಗೆ ಸಣ್ ಸಾವ್ಕಾರ್ರ ಭಾವನ ಸಿಮೆಂಟ್ ಅಂಗಡೀಲಿ ಕೆಲಸ ಆಯ್ತು. ಹೋದ ಸೋಮವಾರದಿಂದ."

"ಒಳ್ಳೇದಾಯ್ತು."

"ಎರಡು ವರ್ಷದಿಂದ ಮನೇಲೇ ಇದ್ದ ಓಬಣ್ಣ."

"ಒಳ್ಳೇದಾಯ್ತು ಅಂದ್ನಲ್ಲ."

"ನೀನಾಗಿದ್ರೆ ಏನ್ ಮಾಡ್ತಿದ್ದೆ, ಹೇಳು."

ಓಬಯ್ಯ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ. "ನಾನು ಏನ್ ಮಾಡ್ದೆ ಅಂತ ನಿಂಗೆ ಗೊತ್ತು. ದಂಡ ಬಿಡ್ಲಿಲ್ಲ."

ಇಬ್ಬರೂ ಓಲ್ಡ್ ಟೌನಿನಲ್ಲಿ ಇಳಿದು ಬೇರೆ ಬೇರೆ ದಾರಿ ಹಿಡಿದರು.

ಅಂದು ಸಂಜೆ ವಿಷಯ ಕೇಳಿ ಯಲ್ಲಮ್ಮ ಬೈಯುತ್ತಾಳೆ ಎಂದು ಓಬಯ್ಯ ಕಾದ. ಅವಳು ಬೈಯಲಿಲ್ಲ. "ಸಾರಿನ ಹಂಡೆ ಅಂತ ಹೇಳ್ಬೇಡಿ ಅಂತ ಅವತ್ತೇ ಅಂದಿದ್ದೆ. ಸಾವ್ಕಾರ್ರ ಮಾನ ಹೋಗುತ್ತೆ ಅಂದ್ರಿ," ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ಕುಂಸಿಗಾದ್ರೂ ನಿಜ ಹೇಳ್ಬಿಡಿ. ಅವಳ ಅತ್ತೆ ಬಾಯಿ ಮುಚ್ಚಲಿ," ಎಂದಳು. ಮರುದಿನ ಓಬಯ್ಯ ಎಸ್.ಟಿ.ಡಿ. ಬೂತಿನಿಂದ ಮಗಳ ಮನೆಯ ಪಕ್ಕದವರಿಗೆ ಫೋನು ಮಾಡಿ ಅವಳನ್ನು ಕರೆಸಿ ಹೇಳಿದ. ಸೀತಾಲಕ್ಷ್ಮಿ, "ಈಗ ಹೇಳಿದ್ರೆ ನಂಬಲ್ಲಪ್ಪ, ಕೆಲಸ ಹೋದ್ಮೇಲೆ ಕಥೆ ಕಟ್ಟಿದ್ರು ಅಂತಾರೆ," ಎಂದಳು. ಅಧಿಕಾರಿ ಹೇಳಿದ್ದೂ ಹೆಚ್ಚು ಕಡಿಮೆ ಅದನ್ನೇ.

ಯೋಗರಾಜ್ ಬಿಡಲಿಲ್ಲ. ಲೇಬರ್ ಕೋರ್ಟಿಗೆ ಅರ್ಜಿ ಹಾಕಿಸಿದ. ಫೀಸು ಕೇಳಲಿಲ್ಲ; ಒಮ್ಮೆ ಮಾತ್ರ, "ಗೆದ್ದರೆ ಒಂದು ಸೈಕಲ್ ಪಂಪ್ ಕೊಡಿಸು," ಎಂದ. ಗೆಲ್ಲುವುದು ಕಷ್ಟ ಎಂಬುದನ್ನೂ ಮುಚ್ಚಿಡಲಿಲ್ಲ. ವರ್ಷಗಟ್ಟಲೆ ನಡೆಯಬಹುದು, ಇನ್ನೊಬ್ಬ ಸಾಕ್ಷಿ ಬೇಕು ಎಂದ. ಓಬಯ್ಯ ಸಹಿ ಹಾಕಿ ಹೋದ ಏಳು ಜನರ ಮನೆಗೂ ಹೋಗಿ ಬಂದ. ಇಬ್ಬರು ನೋಡೋಣ ಎಂದರು. ಒಬ್ಬನ ಮನೆಯಲ್ಲಿ ಬಾಗಿಲು ತೆಗೆಯಲಿಲ್ಲ.

ಮೇ ಕೊನೆಯಲ್ಲಿ ಒಂದು ಬೆಳಿಗ್ಗೆ ಮೂರ್ತಪ್ಪ ಮನೆ ಮುಂದೆ ಬಂದು ನಿಂತ. ಯಲ್ಲಮ್ಮ ಒಳಗೆ ಬಾ ಅನ್ನಲಿಲ್ಲ.

"ದೊಡ್ಡ ಚಕ್ರದ ಆರ್ಡರ್ ಬಂದೈತೆ ಓಬಣ್ಣ. ಎರಡು ಸಲ ಅಚ್ಚು ಒಡೀತು. ಸಣ್ ಸಾವ್ಕಾರ್ರು ನಿನ್ನ ಕರ್ಕೊಂಡ್ ಬಾ ಅಂದ್ರು. ದಿನಗೂಲಿ. ನೂರು ರೂಪಾಯಿ."

"ಟೋಕನ್?"

"ಇಲ್ಲ. ಪುಸ್ತಕದಲ್ಲಿ ಹೆಸರು ಹಾಕಲ್ವಂತೆ."

ಓಬಯ್ಯ ಹಲ್ಲುಜ್ಜುತ್ತಿದ್ದವನು ಬಾಯಿ ಮುಕ್ಕಳಿಸಿ, ಟವೆಲಿನಲ್ಲಿ ಮುಖ ಒರೆಸಿಕೊಂಡ. ಮನೆಯಲ್ಲಿ ಅಕ್ಕಿ ಎಷ್ಟಿದೆ ಎಂಬುದು ಅವನಿಗೆ ಗೊತ್ತಿತ್ತು.

"ಅಚ್ಚು ಕಟ್ತೀನಿ. ರಸ ಹೊರಕ್ಕೂ ಬರ್ತೀನಿ. ಆದ್ರೆ ಮುಂದಿನ ಹಿಡಿ ನಂದು."

"ಅಂದ್ರೆ ಹಿಂದೆ?"

"ನೀನು."

"ನಂಗೆ ಬಗ್ಗಿಸೋ ಅಭ್ಯಾಸ ಇಲ್ಲ ಓಬಣ್ಣ."

"ಹಿಂದಿನೋನು ಮುಂದಿನೋನ ಬೆನ್ನು ನೋಡ್ಕೊಂಡು ನಡೀಬೇಕು. ಅಷ್ಟೇ ಇರೋದು ಅದರಲ್ಲಿ."

ಮೂರ್ತಪ್ಪ ಸೈಕಲ್ ಹತ್ತಿ ಹೋದ.

ಗುರುವಾರ ಕುಲುಮೆ ಹಚ್ಚಿದಾಗ ಓಬಯ್ಯ ಮುಂದಿನ ಹಿಡಿ ಹಿಡಿದ, ಮೂರ್ತಪ್ಪ ಹಿಂದಿನದು. ಲೇಬರ್ ಕೋರ್ಟಿನಲ್ಲಿ ಮೊದಲ ವಿಚಾರಣೆ ಜುಲೈ ಒಂಬತ್ತಕ್ಕೆ. ವಿಶ್ವಾರಾಧ್ಯನ ಕಡೆಯಿಂದ ಸಾಕ್ಷಿ ಹೇಳುವವರಲ್ಲಿ ಮೊದಲ ಹೆಸರು ಮೂರ್ತಪ್ಪನದು.